ಸುಮ್ಮನೆ ಮಾಡಿದ ಎಣಗಾಯಿ

ಒಲೆಯ ಮುಂದೆ ಮಡಿಪಂಚೆಯುಟ್ಟು ಬದನೆಕಾಯಿಗೆ ಖಾರ ತುಂಬುತ್ತಿದ್ದ ಮಗನನ್ನು ಕಂಡದ್ದೇ ತುಳಸೀಬಾಯಿಯ ಎದೆ ಧಸಕ್ಕೆಂದಿತು. ಬನಶಂಕರಿ ಜಾತ್ರೆಯಿಂದ ಒಂದು ದಿನ ಮೊದಲೇ ಬಂದು ಚಕ್ಕಡಿ ಇಳಿದಿದ್ದಳು. ಸೊಸೆ ಕೊಟ್ಟ ನೀರು ಈಗಷ್ಟೇ ಗಂಟಲಿಳಿದಿತ್ತು. ಆ ಮನೆಯಲ್ಲಿ ಗಂಡಸರು ಒಲೆ ಮುಟ್ಟುವುದು ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂತಾಗ ಮಾತ್ರ.

“ಪ್ರಾಣೇಶಾ, ನಿನ್ನ ಹೆಂಡತಿ ಹೊರಗ ಕೂತಾಳೇನೋ? ಆಕಿ ಕೈಯಾಗಿನ ನೀರು ಕುಡದೆನಲ್ಲೋ!”

“ಹೊರಗೇನಿಲ್ಲವ್ವಾ. ಆಕಿಗೆ ಎಣಗಾಯಿ ಭಾಳ ಸೇರ್ತದ. ಇವತ್ತ ಇಬ್ರೂ ಕೂಡೇ ಊಟಕ್ಕ ಕೂಡೋಣಂತ ಸುಮ್ಮನ ಮಾಡ್ಲಿಕತ್ತೇನಿ.”

ಅವನ ಬೆನ್ನ ಹಿಂದೆ ಎರಡು ಎಲೆಗಳನ್ನು ಅಂಚಿಗೆ ಅಂಚು ತಾಗುವಂತೆ ಹಾಕಿತ್ತು. ತುಳಸೀಬಾಯಿ ಹೊಸ್ತಿಲ ಬಳಿಯೇ ಕೂತಳು.

“ಸುಮ್ಮನ?” ಎಂದಳು. “ನಿಮ್ಮಪ್ಪನೂ ಮೂವತ್ತು ವರ್ಷ ನನಗ ಮಾಡಿ ಹಾಕಿದ್ರು. ನಾಲ್ಕನೇ ದಿನ ಒಮ್ಮೆನೂ ಒಲಿ ಮುಟ್ಟಲಿಲ್ಲಲ್ಲೋ.”