ಚಾವಣಿಯೊಳಗಿನ ಸ್ವರ

ಮಧ್ಯಾಹ್ನ ಮೂರು ಗಂಟೆಗೆ, ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಅತ್ತಿಗೆ ಏಣಿ ಹತ್ತಿ ಚಾವಣಿಯ ಹಲಗೆಯೊಂದನ್ನು ಸರಿಸಿ ತಲೆ ಒಳಗೆ ತೂರಿಸಿದಳು. ಬೆಳಗಿನ ಪರೀಕ್ಷೆಯಲ್ಲಿ ಒಂದು ನೆಟ್‌ವರ್ಕ್ ಕೇಬಲ್ ಫೇಲಾಗಿತ್ತು. ಅದನ್ನು ಕತ್ತರಿಸಿ, ಎಳೆದು, ಹೊಸದು ಹಾಕಬೇಕು. ಅಕ್ಕಪಕ್ಕದಲ್ಲಿ ಅಂಥದೇ ನೀಲಿ ಕೇಬಲ್‌ಗಳ ಕಂತೆ. ತೀವ್ರ ನಿಗಾ ಘಟಕದ ಮಾನಿಟರ್‌ಗಳೂ ಅವುಗಳ ಮೇಲೇ ನಡೆಯುತ್ತಿದ್ದವು. ಕೈತಪ್ಪಿ ಬೇರೊಂದನ್ನು ಕತ್ತರಿಸಿದರೆ ಯಾರದೋ ಎದೆಬಡಿತ ನರ್ಸ್‌ಗಳ ಪರದೆಯಿಂದ ಮಾಯ.

ಕಾರಿಡಾರಿನ ಕೊನೆಯ ಕೋಣೆಯಲ್ಲಿ ನಾದಿನಿ. ಕೆಟ್ಟ ಕೇಬಲಿನ ತುದಿಗೆ ಟೋನರ್ ಎಂಬ ಪುಟ್ಟ ಯಂತ್ರ ಸಿಕ್ಕಿಸಿ ಒಳಗೆ ಸ್ವರ ಬಿಡುವುದು ಅವಳ ಕೆಲಸ. ಕಂತೆಯ ಮೇಲೆ ಪೆನ್ನಿನಂಥ ಪ್ರೋಬ್ ಆಡಿಸಿ, ಯಾವುದು ಹಾಡುತ್ತದೆಂದು ಅದರ ಇಯರ್‌ಫೋನಿನಲ್ಲಿ ಕಿವಿಗೊಟ್ಟು ಹಿಡಿಯುವುದು ಅತ್ತಿಗೆಯದು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಕೆಲಸ ಕೊಡುವವರು ಇಬ್ಬರನ್ನೂ ಕರೆಯುತ್ತಿದ್ದುದೇ ಆ ಕಿವಿಯನ್ನು ನಂಬಿ.

ಮೇಲೆ ಬೇರೆಯದೇ ಲೋಕ. ಹಲಗೆಗಳ ಸಂದಿನಿಂದ ಬೆಳಕು ಎಳೆ ಎಳೆಯಾಗಿ ಏಳುತ್ತಿತ್ತು. ಧೂಳು ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿತ್ತು. ಕೇಬಲ್‌ಗಳು ಕತ್ತಲೆಗೆ ಹರಿದುಹೋದ ಹೊಳೆಯ ಹಾಗೆ ಮಲಗಿದ್ದವು. ಕೆಳಗಿನ ಹೆಜ್ಜೆ ಸಪ್ಪಳ ನೀರಿನಾಚೆಯಿಂದ ಬಂದಂತಿತ್ತು. ಅದರ ನಡುವೆ ಆ ಸ್ವರ, ಸಣ್ಣಗೆ, ಒಂದೇ ಸಮ.

"ಸಿಕ್ತು ಕಣೇ," ಅತ್ತಿಗೆ ಫೋನಿನಲ್ಲಿ ಹೇಳಿದಳು. "ನಿಮ್ಮಣ್ಣನ ಗೊರಕೆಗಿಂತ ಸ್ಪಷ್ಟವಾಗಿದೆ. ಕತ್ತರಿಸ್ತೀನಿ."

"ಅಯ್ಯೋ, ಕತ್ತರಿ ಕೆಳಗಿಡಿ ಅತ್ತಿಗೆ! ನಾನಿನ್ನೂ ಟೋನರ್ ಆನ್ ಮಾಡಿಲ್ಲ."

"ತಮಾಷೆ ಸಾಕು."

"ನಿಮ್ಮಾಣೆಗೂ. ಅದರ ಪ್ಲಗ್ಗು ಇನ್ನೂ ನನ್ನ ಕೈಯಲ್ಲೇ ಇದೆ."

ಅತ್ತಿಗೆ ಪ್ರೋಬ್ ಆರಿಸಿದಳು. ಅದರ ಇಯರ್‌ಫೋನನ್ನು ಕಿವಿಯಿಂದ ಕಿತ್ತಳು. ಸ್ವರ ನಿಲ್ಲಲಿಲ್ಲ. "ಪ್ರೋಬ್ ಆರಿಸಿದ್ರೂ ಕೇಳ್ತಾನೇ ಇದೆ ಕಣೇ," ಎಂದಳು.

"ಎಷ್ಟು ದಿನದಿಂದ?" ನಾದಿನಿಯ ದನಿ ತಗ್ಗಿತ್ತು.

"ದಿಂಬಿಗೆ ತಲೆ ಕೊಟ್ಟಾಗ ಬರ್ತಿತ್ತು. ಹಾಲು ಕಾಯಿಸುವಾಗ್ಲೂ. ಕೆಲಸದ ಗುಂಗು ಅಂದ್ಕೊಂಡಿದ್ದೆ." ಅತ್ತಿಗೆ ಪ್ರೋಬಿನ ತಂತಿ ಸುತ್ತಿಟ್ಟಳು. "ಚೆನ್ನಾಗೇ ಇತ್ತು ಕಣೇ, ಜೊತೆಗೆ ಯಾರೋ ಇದ್ದ ಹಾಗೆ."

ಆಮೇಲೆ ಟೋನರ್ ಆನ್ ಮಾಡಿಟ್ಟು ಬಂದು ಏಣಿ ಹತ್ತಿದ್ದು ನಾದಿನಿ. ಕೆಟ್ಟ ಕೇಬಲ್ ಹಿಡಿದದ್ದೂ ಅವಳೇ. ಅತ್ತಿಗೆ ಕತ್ತರಿಸಹೊರಟಿದ್ದ ಕೇಬಲಿನಲ್ಲಿ ಯಾವ ಸ್ವರವೂ ಇರಲಿಲ್ಲ.

ಮರುದಿನ ಅದೇ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ. ಹೆಡ್‌ಫೋನ್ ತೊಡಿಸಿ, ಗಾಜಿನಾಚೆ ಕೂತವರು ಹೇಳಿದರು: "ಶಬ್ದ ಕೇಳಿದಾಗ ಗುಂಡಿ ಒತ್ತಿ, ನಿಂತಾಗ ಬಿಡಿ."

ಅತ್ತಿಗೆ ಕಣ್ಣು ಮುಚ್ಚಿ ಗುಂಡಿ ಒತ್ತಿದಳು. ಬೆರಳು ತೆಗೆಯಲೇ ಇಲ್ಲ.