ಕೈಯಲ್ಲಿದ್ದ ಹೆಲ್ಮೆಟ್ಟು

"ಆವತ್ತು ಪ್ರೇಮಾವತಿಯವರಿಗೆ ಬೈಕು ಗುದ್ದಿದವರು ಇಲ್ಲಿದ್ದಾರಾ? ನೋಡಿ ಹೇಳಿ," ಎಂದರು ಸರಕಾರಿ ವಕೀಲರು. ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ರುಕ್ಮಯ್ಯನ ಕೈಯಲ್ಲಿ ಹೆಲ್ಮೆಟ್ಟು ಹಾಗೆಯೇ ಇತ್ತು.

ಸಮನ್ಸು ಬಂದದ್ದು ಇದು ಏಳನೆಯ ಸಲ. ಆರು ಸಲವೂ ಅವನು ರಬ್ಬರ್ ಟ್ಯಾಪಿಂಗ್ ಕೆಲಸ ಬಿಟ್ಟು ಬಂದು, ಸಂಜೆಯವರೆಗೆ ಕಾದು, ಮುಂದಿನ ವಾಯಿದೆ ಕೇಳಿಕೊಂಡು ಮರಳಿದ್ದ. ಇವತ್ತು ಮಡಂತ್ಯಾರಿನಲ್ಲಿ ಬಸ್ಸೇ ತಪ್ಪಿತು. ಆಗ ಬೈಕು ನಿಲ್ಲಿಸಿದವನು ಆರೋಪಿ ಲತೇಶ. "ನಾನೂ ಕೋರ್ಟಿಗೇ ಅಲ್ವಾ ರುಕ್ಮಯ್ಯಣ್ಣ, ಒಟ್ಟಿಗೆ ಹೋಗುವ," ಎಂದು ಇನ್ನೊಂದು ಹೆಲ್ಮೆಟ್ಟು ಕೊಟ್ಟಿದ್ದ. ದಾರಿಯುದ್ದಕ್ಕೂ ಕೇಸಿನ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಈಗ ಲತೇಶ ಅವನನ್ನೇ ನೋಡುತ್ತಿದ್ದ. ರುಕ್ಮಯ್ಯ ಹೆಲ್ಮೆಟ್ಟು ಹಿಡಿದ ಕೈಯನ್ನೇ ಅತ್ತ ಚಾಚಿದ.

"ಇವರೇ ಸ್ವಾಮಿ. ಇವತ್ತು ಮಾತ್ರ ಬೈಕು ಭಾರೀ ನಿಧಾನ ಬಿಟ್ಟರು."