ಬೇರೆ ತಟ್ಟೆ

“ಇದು ಯಾರಿಗೆ?” ತಮಗೇ ಎಂದು ಗೊತ್ತಿದ್ದೂ ಮೋಯಿಜ್‌ಭಾಯಿ ಕೇಳಿದರು.

ಸೊಸೆ ಇನ್ಸಿಯಾ ಅವರ ಮುಂದೆ ಸ್ಟೀಲಿನ ತಟ್ಟೆಯಿಟ್ಟು, ತಲೆ ಎತ್ತದೆ ಅನ್ನ ಬಡಿಸಿದಳು. ಎರಡು ಮಾರು ಆಚೆ, ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಮನೆಯವರ ದೊಡ್ಡ ಥಾಲು ಸಿದ್ಧವಾಗಿತ್ತು. ಗುಜರಾತಿನ ದಾಹೋದಿನಲ್ಲಿ ಬೋಹ್ರಾ ಮುಸ್ಲಿಮರ ಮನೆಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಸುತ್ತ ಕೂತು ಆ ಒಂದೇ ತಟ್ಟೆಗೆ ಕೈ ಹಾಕಿ ಉಣ್ಣುವುದು. ಮೋಯಿಜ್‌ಭಾಯಿ ಈ ಮನೆಯಲ್ಲಿ ಬೇರೆ ತಟ್ಟೆ ಕಂಡವರೇ ಅಲ್ಲ.

“ಡಾಕ್ಟರು ಹೇಳಿದ್ದು, ಬಾವಾಜಿ,” ಎಂದಳು ಇನ್ಸಿಯಾ.

ಡಾಕ್ಟರು ಹೇಳಿದ್ದು ನಿಜ. ಮಾವನ ಹೊಟ್ಟೆಯಲ್ಲಿ ಒಂದು ರೋಗಾಣು ವರ್ಷಗಳಿಂದ ಬೀಡುಬಿಟ್ಟಿದೆ. ಅದು ಎಬ್ಬಿಸುವ ಉರಿ ರಕ್ತನಾಳಕ್ಕೂ ಒಳ್ಳೆಯದಲ್ಲವಂತೆ. ಹೃದಯ ಕೆಟ್ಟದ್ದು ಅದರಿಂದಲೇ ಎಂದು ಆಣೆ ಮಾಡಿ ಹೇಳಲಾರೆ ಅಂದಿದ್ದರು ಡಾಕ್ಟರು. ಆದರೆ ಎದೆಗೆ ಎರಡು ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ಬೇಕೇ ಬೇಕು. ಮನೆಯವರು ಹುಳ ಎನ್ನುವ ಈ ರೋಗಾಣು ಇದ್ದರೆ ಆ ಮಾತ್ರೆಯಿಂದ ಹೊಟ್ಟೆಯೊಳಗೆ ರಕ್ತ ಒಸರುತ್ತದೆ, ಮಾತ್ರೆ ಬಿಟ್ಟರೆ ಎದೆ ಕೈಕೊಡುತ್ತದೆ. ಎರಡು ಸಲ ಔಷಧಿ ಮಾಡಿದ್ದಾಯಿತು, ಬಾಯೆಲ್ಲ ತುಕ್ಕು ನೆಕ್ಕಿದ ಹಾಗಾಯಿತು. ಹುಳ ಎರಡು ಸಲವೂ ವಾಪಸು ಬಂತು. ಇದು ಒಬ್ಬರಿಂದೊಬ್ಬರಿಗೆ ಅಂಟುವಂಥದ್ದು, ಮನೆಯವರನ್ನೆಲ್ಲ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಊಟ ಬೇರೆ ಇರಲಿ ಎಂದಿದ್ದರು.

“ದಾದಾ ಯಾಕೆ ಅಲ್ಲಿ?” ಥಾಲಿನ ಬದಿಯಿಂದ ಐದು ವರ್ಷದ ಮೊಮ್ಮಗಳು ಲಮಿಯಾ ಕೂಗಿದಳು.

“ದಾದಾ ಹೊಟ್ಟೇಲಿ ಹುಳ ಇದೆ, ಸುಮ್ನೆ ಉಣ್ಣು,” ಎಂದಳು ಇನ್ಸಿಯಾ.

ಮೋಯಿಜ್‌ಭಾಯಿ ತಟ್ಟೆಯನ್ನು ದೂಡಿದರು. “ಒಯ್ಯಿ ಇದನ್ನ! ಮಾತ್ರೇನೂ ಬೇಡ, ಊಟಾನೂ ಬೇಡ. ಹೀಗೆ ಮೂಲೇಲಿ ಕೂತು ಬದುಕೋದಕ್ಕಿಂತ ಸಾಯೋದೇ ವಾಸಿ.”

“ಹೂಂ, ಸಾಯಿರಿ,” ಎಂದರು ಹೆಂಡತಿ ಜೈನಬ್. ಸಿಟ್ಟು ಮಾಡುವಷ್ಟು ತ್ರಾಣವೂ ಆ ದನಿಯಲ್ಲಿರಲಿಲ್ಲ. “ಹೋದ ಸಲ ನೀವು ರಕ್ತ ಕಾರಿದಾಗ ಬಕೆಟ್ ಹಿಡಿದವಳು ನಾನು. ಇನ್ನೊಂದು ಸಲ ಹಿಡಿಯೋ ಶಕ್ತಿ ಈ ಕೈಗಿಲ್ಲ ಕಣ್ರೀ.”

ಮೋಯಿಜ್‌ಭಾಯಿ ತಟ್ಟೆಯನ್ನು ಮತ್ತೆ ಹತ್ತಿರಕ್ಕೆಳೆದುಕೊಂಡು, ಗೋಡೆಗೆ ಮುಖ ಮಾಡಿ ಉಂಡರು. ಆ ವಾರವೆಲ್ಲ ಹಾಗೆಯೇ ಉಂಡರು. ಅರ್ಧ ಹೊಟ್ಟೆ, ಪೂರ್ತಿ ಬೇಸರ.

ಪರೀಕ್ಷೆಯ ಫಲಿತಾಂಶವನ್ನು ಮಗ ಫೋನಿನಲ್ಲಿ ತಿಳಿಸಿದ. ಜೈನಬ್‌ಗೂ ಹುಳ, ಮಗನಿಗೂ ಹುಳ, ಇನ್ಸಿಯಾಗೂ ಹುಳ.

“ನೋಡಿದ್ಯಾ! ನನಗೆ ಅಂಟಿಸಿದವಳು ನೀನೇ!” ಮೋಯಿಜ್‌ಭಾಯಿಗೆ ಎಷ್ಟೋ ದಿನದ ಮೇಲೆ ನಗು ಬಂತು.

“ಅಯ್ಯೋ ಬಿಡ್ರಿ. ಇಷ್ಟು ವರ್ಷ ಸಂಸಾರ ಮಾಡಿ ನೀವು ನಂಗೆ ಕೊಟ್ಟಿದ್ದು ಇದೊಂದೇ.”

ಹುಳ ಇರುವವರೆಲ್ಲ ಒಟ್ಟಿಗೆ ಔಷಧಿ ತೆಗೆದುಕೊಳ್ಳಬೇಕು, ಅವರವರೇ ಒಟ್ಟಿಗೆ ಉಂಡರೆ ಅಡ್ಡಿಯಿಲ್ಲ ಎಂದರು ಡಾಕ್ಟರು. ಆ ಮಧ್ಯಾಹ್ನ ಮೋಯಿಜ್‌ಭಾಯಿ ಜರಿಯಂಚಿನ ಟೋಪಿ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಥಾಲಿನ ಮುಂದೆ ಬಂದು ಕೂತರು. ಬಿಸಿ ಅನ್ನ, ಬೇಳೆ, ಪಲೀದು ಎಂಬ ಸಾರಿನ ವಾಸನೆಗೆ ಅವರ ಕಣ್ಣು ಒದ್ದೆಯಾಯಿತು. ರೂಢಿಯಂತೆ ಚಿಟಿಕೆ ಉಪ್ಪು ನಾಲಿಗೆಗಿಟ್ಟು ಮೊದಲ ತುತ್ತು ಕಲಸಿದರು.

ಅಷ್ಟರಲ್ಲಿ ಇನ್ಸಿಯಾ ಸ್ಟೀಲಿನ ತಟ್ಟೆಯನ್ನು ತಂದು ಗೋಡೆಯ ಬಳಿ ಇಟ್ಟಳು. “ಲಮಿಯಾ, ನೀನು ಇಲ್ಲಿ ಬಾ ಪುಟ್ಟಾ.”

“ನಾನ್ಯಾಕೆ?”

“ನಿಂಗೊಬ್ಬಳಿಗೇ ಹುಳ ಇಲ್ಲ ಕಂದಾ. ನಮ್ಮದೆಲ್ಲ ವಾಸಿಯಾಗೋವರೆಗೆ ನೀನು ಬೇರೆ ಉಣ್ಣಬೇಕು. ನೀನು ಜಾಣೆ ಅಲ್ವಾ?”

ಹುಡುಗಿ ತಟ್ಟೆ ನೋಡಿದಳು, ಗೋಡೆ ನೋಡಿದಳು. ಅಳಲಿಲ್ಲ. ನೇರ ಅಜ್ಜನ ಬಳಿ ಬಂದು, ತೊಳೆದ ಪುಟ್ಟ ಕೈಯನ್ನು ಅವರ ಮುಂದೆ ಚಾಚಿದಳು.

“ದಾದಾ, ನಂಗೂ ಒಂದು ಹುಳ ಕೊಡಿ.”

ಥಾಲಿನ ಸುತ್ತ ಕೂತವರಲ್ಲಿ ಯಾರ ತುತ್ತೂ ಬಾಯಿಗೆ ಹೋಗಲಿಲ್ಲ.